ಪ್ರಾಚೀನ ಗುಡಾಣಗಳಿಂದ ವ್ಯಾಪಾರದ ಬಗ್ಗೆ, ರಾಜ್ಯಾಧಿಕಾರದ ಬಗ್ಗೆ ಏನು ತಿಳಿಯುತ್ತದೆ?

ಸರಕು ಎಲ್ಲಿಂದ ಎಲ್ಲಿಗೆ ಹೋಯಿತು, ಅದರ ಮೇಲೆ ಹಿಡಿತ ಯಾರದಿತ್ತು ಎಂಬೆರಡೂ ತಿಳಿಯುತ್ತವೆ. ಒಳಗಿದ್ದ ಎಣ್ಣೆ, ದ್ರಾಕ್ಷಾರಸ ಎಂದೋ ಇಂಗಿಹೋದರೂ ಸುಟ್ಟ ಮಣ್ಣು ಕೊಳೆಯುವುದಿಲ್ಲ. ಅದರಲ್ಲಿನ ಖನಿಜಗಳು ಜೇಡಿಮಣ್ಣು ಯಾವ ಸೀಮೆಯದೆಂದು ಸೂಚಿಸುತ್ತವೆ.

ಕ್ರಿ.ಪೂ. 8ನೆಯ ಶತಮಾನದ ಕೊನೆಯಲ್ಲಿ, ಅರಸ ಹಿಜ್ಕೀಯನ ಕಾಲದ ಯೆಹೂದ ರಾಜ್ಯದಲ್ಲಿದ್ದ (ಇಂದಿನ ಇಸ್ರೇಲ್-ಪ್ಯಾಲೆಸ್ಟೀನ್ ಭಾಗ), ಸುಮಾರು 45 ಲೀಟರ್ ಹಿಡಿಯುವ ಗುಡಾಣಗಳ ಹಿಡಿಗಳನ್ನೇ ನೋಡಿ: ಮಣ್ಣು ಹಸಿಯಿದ್ದಾಗಲೇ ಒತ್ತಿದ ಮುದ್ರೆಯಲ್ಲಿ ರೆಕ್ಕೆ ಬಿಚ್ಚಿದ ಜೀರುಂಡೆ ಅಥವಾ ಸೂರ್ಯಬಿಂಬ, ಮೇಲೆ ‘ಅರಸನಿಗೆ ಸೇರಿದ್ದು’ ಎಂಬ ಬರಹ, ಕೆಳಗೆ ಸಾಮಾನ್ಯವಾಗಿ ಹೆಬ್ರೋನ್ ಮೊದಲಾದ ನಾಲ್ಕು ಊರುಗಳಲ್ಲಿ ಒಂದರ ಹೆಸರು. ಇಂಥ ಹಿಡಿಗಳು ಹತ್ತಾರು ನೆಲೆಗಳಲ್ಲಿ ಸಿಕ್ಕಿದ್ದರೂ ಅವುಗಳ ಮಣ್ಣು ಮಾತ್ರ ಯೆಹೂದದ ತಪ್ಪಲಿನ ಒಂದೇ ಸೀಮೆಯದು. ಒಂದೆಡೆ ಮಾಡಿಸಿ ಊರೂರಿಗೆ ಹಂಚುವುದು ಬಿಡಿ ವರ್ತಕರ ಕೈಲಾಗುವಂಥದ್ದಲ್ಲ, ಅದು ಅರಮನೆಯ ಏರ್ಪಾಡೇ ಎಂದು ನನಗೆ ಮನದಟ್ಟಾಗುವುದು ಇಲ್ಲಿಯೇ. ಕ್ರಿ.ಪೂ. 701ರಲ್ಲಿ ಅಸ್ಸೀರಿಯ ಸಾಮ್ರಾಜ್ಯದ ಸೇನೆ ಸುಟ್ಟ ಯೆಹೂದದ ಲಾಕೀಷ್ ಕೋಟೆಯೊಂದರಲ್ಲೇ ಇಂಥ ನೂರಾರು ಹಿಡಿಗಳು ದೊರೆತಿವೆ.