ಒಂದೇ ರ‍್ಯಾಕ್‌ನಲ್ಲಿ ಬೇರೆ ಬೇರೆ ಕಂಪನಿಗಳ ಸರ್ವರ್ ಜೋಡಿಸಬಹುದೇ?

ಧಾರಾಳವಾಗಿ ಜೋಡಿಸಬಹುದು. ಮಂಡ್ಯದ ನಿಮ್ಮ ಕಾಲೇಜಿನಲ್ಲಿರುವ ಡೆಲ್, ಎಚ್‌ಪಿ, ಲೆನೊವೊ ಸರ್ವರ್‌ಗಳು ಒಂದೇ 42 ಯು ಕ್ಯಾಬಿನೆಟ್‌ನಲ್ಲಿ (ಸರ್ವರ್ ಕೂರಿಸುವ ಬೀರು, ಅದೇ ರ‍್ಯಾಕ್) ಕೂರುತ್ತವೆಯೇ ಎಂದು ಕೇಳಿದ್ದೀರಿ. ರ‍್ಯಾಕ್ ಸರ್ವರ್‌ಗಳ ಮುಂಭಾಗದ ಅಗಲ 19 ಇಂಚು, ಒಂದು ಯು ಎಂದರೆ 44.45 ಮಿಲಿಮೀಟರ್ ಎತ್ತರ. ಈ ಲೆಕ್ಕ ಮೂರು ಕಂಪನಿಗಳಿಗೂ ಒಂದೇ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಾನು ನೋಡಿಕೊಳ್ಳುವ ಸರ್ವರ್ ಕೋಣೆಯಲ್ಲಿ ಒಂದೇ ಕಂಪನಿಯ ಪೆಟ್ಟಿಗೆಗಳಿರುವ ರ‍್ಯಾಕ್ ಹುಡುಕಿದರೂ ಸಿಗದು. ಟೆಂಡರ್ ಪ್ರತಿ ಸಲ ಬೇರೆಯವರ ಪಾಲಾದರೆ ಇನ್ನೇನಾದೀತು?

ತಕರಾರೆಲ್ಲ ರೈಲ್‌ಗಳದ್ದು, ಅಂದರೆ ಸರ್ವರನ್ನು ಎರಡೂ ಬದಿಯಲ್ಲಿ ಹಿಡಿದು ಒಳಗೆ ಹೊರಗೆ ಜಾರಿಸುವ ಪಟ್ಟಿಗಳದ್ದು. ಒಂದು ಕಂಪನಿಯ ರೈಲ್ ಇನ್ನೊಂದರ ಸರ್ವರ್‌ಗೆ ಹೊಂದುವುದಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಿಗೂ ಎಷ್ಟೋ ಸಲ ಹೊಂದುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಸರ್ವರ್ ತರಿಸುವುದಾದರೆ ರೈಲ್ ಜೊತೆಗಿದೆಯೇ ಎಂದು ಕೇಳಿಕೊಂಡೇ ಹಣ ಕೊಡಿ.

ಪ್ರತಿ ರೈಲ್‌ಗೂ ರ‍್ಯಾಕ್‌ನ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಇಂತಿಷ್ಟರಿಂದ ಇಂತಿಷ್ಟು ಅಂತರ ಇರಬೇಕು ಎಂಬ ಮಿತಿಯಿದೆ, ಕೈಪಿಡಿಯಲ್ಲಿ ಬರೆದಿರುತ್ತಾರೆ. ಮೂರೂ ರೈಲ್‌ಗಳಿಗೆ ಒಪ್ಪುವ ಅಂತರವನ್ನು ಮೊದಲೇ ಗೊತ್ತು ಮಾಡಿಕೊಂಡು, ರ‍್ಯಾಕ್ ಖಾಲಿ ಇರುವಾಗಲೇ ಹಿಂದಿನ ಕಂಬಗಳನ್ನು ಅಲ್ಲಿಗೆ ಸರಿಸಿ ಬಿಗಿಯಿರಿ. ಸರ್ವರ್ ಏರಿದ ಮೇಲೆ ಕಂಬ ಕದಲಿಸುವ ಮಾತೇ ಇಲ್ಲ. ನೆಟ್‌ವರ್ಕ್ ಸ್ವಿಚ್‌ಗೆಂದು ಮಾಡಿದ 600 ಮಿಲಿಮೀಟರ್ ಆಳದ ಕ್ಯಾಬಿನೆಟ್ ನಿಮ್ಮದಾಗಿದ್ದರೆ ಈ ಯೋಚನೆಯನ್ನೇ ಬಿಡಿ. ಸರ್ವರ್‌ಗಳಿಗೆ ಸಾಮಾನ್ಯವಾಗಿ ಕನಿಷ್ಠ 1000 ಮಿಲಿಮೀಟರ್ ಆಳ ಬೇಕು.

ಕಂಬದ ತೂತು ಚೌಕವೋ ದುಂಡಗೋ ನೋಡಿ. ಸ್ಕ್ರೂ ಇಲ್ಲದೆ ಸಿಕ್ಕಿಸುವ ರೈಲ್‌ಗಳಲ್ಲಿ ಹೆಚ್ಚಿನವು ಚೌಕ ತೂತಿಗೆಂದು ಮಾಡಿದವು. ಒಂದು ಯುಗೆ ಮೂರು ತೂತು, ಆದರೆ ಅವುಗಳ ನಡುವಿನ ಅಂತರ ಸಮನಾಗಿಲ್ಲ. ಒಂದು ತೂತು ಮೇಲೆ ಕೆಳಗಾದರೂ ಪಕ್ಕದ ಸರ್ವರ್‌ಗೆ, ಮೇಲಿನದಕ್ಕೋ ಕೆಳಗಿನದಕ್ಕೋ, ಜಾಗ ಸಾಲದು. ಕೇಜ್ ನಟ್ (ಚೌಕ ತೂತಿಗೆ ಸಿಕ್ಕಿಸುವ, ಸ್ಕ್ರೂ ಹಿಡಿಯುವ ನಟ್) ಕೂರಿಸುವಾಗ ಉಗುರು ಜೋಪಾನ.

ರೈಲ್ ಸಿಗದೇ ಹೋದರೆ ಎಲ್ ಆಕಾರದ ಪಟ್ಟಿಗಳ ಮೇಲೆ ಇಡುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ: ಮುಚ್ಚಳ ತೆಗೆಯಲು ಸರ್ವರನ್ನು ಪೂರ್ತಿ ಹೊರಗೆಳೆದು ಇಬ್ಬರು ಹೊರಬೇಕು. ಒಂದರ ಮೇಲೊಂದು ಪೇರಿಸುವುದಂತೂ ಬೇಡವೇ ಬೇಡ.

ಭಾರದ್ದು ಕೆಳಗಿರಲಿ. ಮುಂದಿನ ಗಾಜಿನ ಬಾಗಿಲನ್ನು ತೆಗೆದು ಜಾಲರಿ ಬಾಗಿಲು ಹಾಕಿಸಿ. ಸರ್ವರ್ ಗಾಳಿ ಎಳೆಯುವುದು ಮುಂದಿನಿಂದಲೇ, ಮಂಡ್ಯದ ಏಪ್ರಿಲ್ ಸೆಕೆ ನಿಮಗೇ ಗೊತ್ತು. ಪವರ್ ಪಟ್ಟಿಯಲ್ಲಿ ಸಿ13 (ಸಾಮಾನ್ಯ ಕಂಪ್ಯೂಟರ್ ತಂತಿಯ ಬಗೆ) ಸಾಕೆಟ್‌ಗಳಿವೆಯೇ, ದೊಡ್ಡ ಸರ್ವರ್‌ಗೆ ಸಿ19 (ಹೆಚ್ಚು ಕರೆಂಟ್ ತಾಳುವ ದೊಡ್ಡ ಬಗೆ) ಬೇಕೇ ಎಂಬುದನ್ನೂ ನೋಡಿ.

ಮೂರೂ ಸರ್ವರ್‌ಗಳ ಮಾದರಿ ಸಂಖ್ಯೆ, ಕಂಬಗಳ ನಡುವಿನ ಅಂತರ ಇಲ್ಲೇ ಬರೆಯಿರಿ, ಯಾವ ರೈಲ್ ಕೊಳ್ಳಬೇಕೆಂದು ಹೇಳುತ್ತೇನೆ.