ತೋಟದ ಇಲಿಯಲ್ಲಿ ವಿಕಿರಣದ ಗುರುತು

ಪ್ರಶ್ನೆ: ಚೆರ್ನೋಬಿಲ್ ಕಾಡಿಲಿಗಳ ವಂಶವಾಹಿ ವಿಪರೀತ ವೇಗದಲ್ಲಿ ಬದಲಾಗುತ್ತಿದೆ ಎಂದು ಓದಿದ್ದೆ. ನಿಜವೇ? – ಓದುಗರು, ಸಾಗರ

ಉತ್ತರ: ಅದು 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ಸುದ್ದಿ ಇರಬೇಕು. ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಡಿಎನ್‌ಎ ಅಕ್ಷರಗಳನ್ನು ಓದುವುದರಲ್ಲೇ ತಪ್ಪಾಗಿದ್ದು ತಿಳಿದು, ಬರೆದವರೇ 1997ರಲ್ಲಿ ಅದನ್ನು ಹಿಂತೆಗೆದುಕೊಂಡರು. ಸುದ್ದಿ ಮಾತ್ರ ಇನ್ನೂ ಓಡಾಡುತ್ತಿದೆ. ಕೇರಳದಲ್ಲಿ ಸಹಜವಾಗಿಯೇ ವಿಕಿರಣ ಸೂಸುವ ಮೊನಜೈಟ್ ಮರಳಿನ ಕರಾವಳಿಯ ಇಲಿಗಳ ಮೂಳೆ, ಹಲ್ಲು ಹೋಲಿಸಿದ 1966ರ ವರದಿಯಲ್ಲೂ ವಿಕಿರಣದಿಂದ ಆದದ್ದು ಎನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ನಮ್ಮ ಅಡಿಕೆ ತೋಟದ ಇಲಿಗಳಲ್ಲಿ ಮೈಕ್ರೋನ್ಯೂಕ್ಲಿಯಸ್ ಎಣಿಸಿ ನೈಸರ್ಗಿಕ ವಿಕಿರಣದ ಪರಿಣಾಮ ನೋಡಬಹುದೇ? – ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಎಣಿಸಬಹುದು. ಆದರೆ ಅದು ತೋರಿಸುವುದು ಈಚಿನ ಕೆಲವು ದಿನಗಳ ಹಾನಿ, ಮರಿಗಳಿಗೆ ಇಳಿಯುವುದಲ್ಲ. ಕೆಂಪು ರಕ್ತಕಣ ಬಲಿಯುವಾಗ ಕೋಶಕೇಂದ್ರವನ್ನು ಹೊರಹಾಕುತ್ತದೆ. ಮುರಿದ ವರ್ಣತಂತುವಿನ ಚೂರು ಒಳಗೇ ಉಳಿಯುತ್ತದೆ. ಆ ಚೂರೇ ಮೈಕ್ರೋನ್ಯೂಕ್ಲಿಯಸ್, ಹುಡುಕಬೇಕಾದ್ದು ಅದನ್ನು.

ತೊಡೆಮೂಳೆಯ ಎರಡೂ ತುದಿ ಕತ್ತರಿಸಿ, ಸಿರಿಂಜಿನಲ್ಲಿ ಕರುವಿನ ಸೀರಮ್ ಹಾಯಿಸಿ ಮಜ್ಜೆ ತೆಗೆಯಿರಿ. ಸೆಂಟ್ರಿಫ್ಯೂಜ್ ಮಾಡಿ, ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಮೆಥನಾಲಿನಲ್ಲಿ ಅದ್ದಿ. ಪ್ರತಿ ಇಲಿಗೂ 4000 ಎಳೆಯ ಕೆಂಪು ರಕ್ತಕಣ ಎಣಿಸಿ. ಸಾವಿರಕ್ಕೆ ಒಂದೆರಡು ಸಿಗುವ ವಸ್ತುವಿಗೆ ಐನೂರು ಎಣಿಸಿ ನಿಲ್ಲಿಸಿದರೆ ಅದು ಲೆಕ್ಕವಲ್ಲ, ಲಾಟರಿ. ಗೀಮ್ಸಾ ಬಣ್ಣ ಹಾಕಿದರೆ ಮಾಸ್ಟ್ ಕೋಶ ಎಂಬ ಬೇರೆ ಬಗೆಯ ಕೋಶದ ಕಾಳುಗಳೂ ಆ ಚೂರಿನ ಹಾಗೇ ಕಂಡು ಮೋಸ ಮಾಡುತ್ತವೆ. ಅಕ್ರಿಡಿನ್ ಆರೆಂಜ್ ಹಾಕಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿ: ಎಳೆಯ ಕಣ ಕೆಂಪಗೆ, ಚೂರು ಹಸಿರು-ಹಳದಿಯಾಗಿ ಹೊಳೆಯುತ್ತದೆ. ಸ್ಲೈಡ್ ಯಾವ ಜಾಗದ್ದೆಂದು ಎಣಿಸುವವರಿಗೆ ಗೊತ್ತಿರಬಾರದು.

ತೊಡಕಿರುವುದು ಹೋಲಿಕೆಯಲ್ಲಿ. ತೋಟದ ಇಲಿಯನ್ನು ಕಾಡಿನ ಇಲಿಯ ಪಕ್ಕ ಇಡಬೇಡಿ. ತೋಟಕ್ಕೆ ಹೊಡೆದ ಕೀಟನಾಶಕವೂ ಇಂಥ ಚೂರುಗಳನ್ನು ಹೆಚ್ಚಿಸಬಲ್ಲದು. ಆಮೇಲೆ ಯಾವುದರ ಪಾಲೆಷ್ಟು ಎಂದು ಬಿಡಿಸಲಾಗದು. ಜಾತಿ, ವಯಸ್ಸು, ಹಿಡಿದ ತಿಂಗಳು ಒಂದೇ ಇರಲಿ. ವಿಕಿರಣ ಅಳೆಯುವ ಮೀಟರನ್ನು ಬಿಲದ ಬಾಯಲ್ಲಿ ಹಿಡಿದರೆ ಸಾಲದು, ಟಿಎಲ್‌ಡಿ ಎಂಬ, ಬಿದ್ದ ವಿಕಿರಣವನ್ನು ಕೂಡಿಟ್ಟು ತೋರಿಸುವ ಪುಟ್ಟ ಬಿಲ್ಲೆಯನ್ನು ಬಿಲದೊಳಗೆ ಕೆಲವು ವಾರ ಬಿಡಿ. ಮಾಮೂಲಿ ಹಿನ್ನೆಲೆ ವಿಕಿರಣದಲ್ಲಿ ವ್ಯತ್ಯಾಸ ಸಿಗುವುದು ಅನುಮಾನವೇ. ವಿಧಾನ ಕಲಿಯಲು ಮಾತ್ರ ಒಳ್ಳೆಯ ವಿಷಯ.

ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಮಂಗನ ಕಾಯಿಲೆಯ ಉಣುಗು ಇಲಿ, ಸೊಂಡಿಲಿಗಳ ಮೈಮೇಲೂ ಇರುತ್ತದೆ, ಸತ್ತ ಇಲಿಯ ಮೈ ತಣ್ಣಗಾಗುತ್ತಲೇ ಇಳಿದು ಹೊರಡುತ್ತದೆ. ಬೇಸಿಗೆ ತಪ್ಪಿಸಿ ಮಳೆಗಾಲದಲ್ಲಿ ಹಿಡಿಯೋಣವೆಂದರೆ ಇಲಿಜ್ವರ. ಕೈಗವಸು ಎರಡು ಪದರ ಇರಲಿ, ಕೊಯ್ಯುವ ಕೆಲಸ ಬಿಳಿ ಟ್ರೇಯಲ್ಲೇ ಆಗಲಿ; ಹರಿದಾಡುವ ಉಣುಗು ಕಣ್ಣಿಗೆ ಬೀಳುತ್ತದೆ.