ಮಗಳನ್ನು ಅಡ್ಮಿಟ್ ಮಾಡಿದರೆ ನಮ್ಮ ಮಾತು ನಡೆಯುತ್ತದೆಯೇ?

ಹೊಸನಗರ ತಾಲೂಕಿನ ಓದುಗರೊಬ್ಬರ ಪತ್ರ (ಹೆಸರು ಬೇಡ ಎಂದಿದ್ದಾರೆ): 'ಹದಿನಾರು ವರ್ಷದ ಮಗಳು ಎರಡು ತಿಂಗಳಿಂದ ಸರಿಯಾಗಿ ಉಣ್ಣುತ್ತಿಲ್ಲ, ಕಾಲೇಜಿಗೆ ಹೋಗುತ್ತಿಲ್ಲ, ಬದುಕೇ ಬೇಡ ಅನ್ನುತ್ತಾಳೆ. ಶಿವಮೊಗ್ಗದಲ್ಲಿ ತೋರಿಸಿದೆವು, ಅಡ್ಮಿಟ್ ಮಾಡಿ ಎಂದರು. ಸೇರಿಸಿದ ಮೇಲೆ ಬಿಡಿಸಿಕೊಳ್ಳಲು ಆಗುತ್ತದೆಯೇ? ಕರೆಂಟ್ ಕೊಡುತ್ತಾರೇನೋ ಎಂದು ಮನೆಯವಳಿಗೆ ಭಯ. ನಮ್ಮಮ್ಮ ಹಾಸಿಗೆ ಹಿಡಿದಿರುವುದರಿಂದ ಅವಳು ಬರುವಂತಿಲ್ಲ. ನಾನೊಬ್ಬನೇ ಜೊತೆಗಿದ್ದರೆ ಸಾಲದೇ?'

ಸಾಲದು. ಊರು ಬಿಡುವ ಮೊದಲೇ ಬಗೆಹರಿಸಿಕೊಳ್ಳಬೇಕಾದ್ದು ಇದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದ ಮಗು ವಾರ್ಡಿನಲ್ಲಿರುವಷ್ಟು ದಿನವೂ ಪೋಷಕರು ಅಥವಾ ಅವರು ಗೊತ್ತುಮಾಡಿದವರು ಜೊತೆಗಿರಲೇಬೇಕು. ಹುಡುಗಿಯಾಗಿದ್ದು, ಸಹಿ ಹಾಕುವವರು ಗಂಡಸಾದರೆ, ಹೆಂಗಸೊಬ್ಬರನ್ನು ಜೊತೆಗಿರಿಸಬೇಕು. ನಿಮ್ಮ ಅಕ್ಕನೋ ತಂಗಿಯೋ ಆಗಬಹುದು. ಮಗಳಿಗೆ ಸಲಿಗೆ ಇರುವವರಾದರೆ ಒಳ್ಳೆಯದು. ಒಬ್ಬರೇ ಹತ್ತು ದಿನ ಕೂರಲಾಗದು, ಸರದಿಗೆ ಇನ್ನೊಬ್ಬರನ್ನೂ ಕೇಳಿಟ್ಟುಕೊಳ್ಳಿ. ಮಕ್ಕಳನ್ನು ದೊಡ್ಡವರಿಂದ ಬೇರೆಯಾಗಿ ಇರಿಸಬೇಕೆಂಬ ನಿಯಮವೂ ಇದೆ. ಮಂಚ ಎಲ್ಲಿ ಕೊಡುತ್ತೀರಿ ಎಂದು ಮೊದಲೇ ಕೇಳಿ, ಸಂಕೋಚ ಬೇಡ.

ಸೇರಿಸಲು ಒಬ್ಬ ಡಾಕ್ಟರ ಮಾತಷ್ಟೇ ಸಾಲದು. ಇಬ್ಬರು ಮನೋವೈದ್ಯರು, ಇಲ್ಲವೇ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು, ಸೇರಿಸುವ ದಿನ ಅಥವಾ ಅದರ ಹಿಂದಿನ ಏಳು ದಿನಗಳೊಳಗೆ ಬೇರೆಬೇರೆಯಾಗಿ ನೋಡಿ, ದಾಖಲಿಸದೆ ಆಗದು ಎಂದು ಒಪ್ಪಿರಬೇಕು. ಮಗಳ ಇಷ್ಟವನ್ನೂ ಅವರು ಗಣನೆಗೆ ತೆಗೆದುಕೊಳ್ಳಬೇಕು. ಅರ್ಜಿ ನಿಮ್ಮದು, ಚಿಕಿತ್ಸೆಗೆ ಒಪ್ಪಿಗೆಯೂ ನಿಮ್ಮದು. 72 ಗಂಟೆಯೊಳಗೆ ಆಸ್ಪತ್ರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. 30 ದಿನ ದಾಟಿದರೆ ಮಂಡಳಿಯೇ ಪರಿಶೀಲಿಸುತ್ತದೆ.

ಕರೆಂಟಿನ ಭಯ ಬಿಡಿ. ಹದಿನೆಂಟರೊಳಗಿನವರಿಗೆ ಅದು ನಿಷಿದ್ಧ. ಬೇಕೇಬೇಕು ಎಂದು ಮನೋವೈದ್ಯರಿಗೆ ಅನಿಸಿದರೂ ನಿಮ್ಮ ಒಪ್ಪಿಗೆ, ಮಂಡಳಿಯ ಮುಂಗಡ ಅನುಮತಿ ಎರಡೂ ಬೇಕು. ಅರಿವಳಿಕೆ ಇಲ್ಲದೆ ಯಾರಿಗೂ ಕೊಡುವಂತಿಲ್ಲ.

ಬಿಡಿಸಿಕೊಳ್ಳಬಹುದೇ? ಹೌದು, ನೀವು ಕೇಳಿದರೆ ಬಿಡಬೇಕು. ಆದರೆ ನೀವು ಮಗುವಿನ ಹಿತ ನೋಡುತ್ತಿಲ್ಲ ಎಂದು ಆಧಾರ ಸಮೇತ ಯಾರಾದರೂ ಮಂಡಳಿಗೆ ಅರ್ಜಿ ಹಾಕಿದರೆ, ಮಂಡಳಿ ನಿಮ್ಮ ಜಾಗದಲ್ಲಿ ಬೇರೆಯವರನ್ನು ನೇಮಿಸಬಲ್ಲದು. 'ನಾಲ್ಕು ಜನ ಏನಂದಾರು' ಎಂಬ ಕಾರಣಕ್ಕೆ ಮೂರನೇ ದಿನವೇ ಕರೆತರುವುದು ನಮಗಂತೂ ಸರಿ ಕಾಣದು. ಖಿನ್ನತೆಯ ಮಾತ್ರೆ ಹಿಡಿಯಲು ಎರಡು ವಾರವಾದರೂ ಬೇಕು.

ಕಾಯಿಲೆ ಏನು, ಮಾತ್ರೆ ಯಾವುದು, ಅದರ ಅಡ್ಡಪರಿಣಾಮವೇನು ಎಂದು ಕೇಳುವ ಹಕ್ಕು ನಿಮಗಿದೆ. ಕೌನ್ಸೆಲರ್ ಹತ್ತಿರ ಅವಳು ಆಡಿದ ಪ್ರತಿ ಮಾತನ್ನೂ ಕೆದಕಬೇಡಿ. ಅಪ್ಪನಿಗೆ ಎಲ್ಲ ಗೊತ್ತಾಗುತ್ತದೆ ಎಂದಾದರೆ ಅವಳು ಬಾಯಿ ಬಿಡುವುದಿಲ್ಲ.

ಅಡ್ಮಿಷನ್ ಯಾವತ್ತೇ ಆಗಲಿ, ಕೊಟ್ಟಿಗೆಯಲ್ಲಿಟ್ಟ ಕಳೆನಾಶಕ, ಕೀಟನಾಶಕಕ್ಕೆ ಇವತ್ತೇ ಬೀಗ ಹಾಕಿ, ಕೀಲಿಕೈ ನಿಮ್ಮ ಬಳಿಯೇ ಇರಲಿ. ಅಮ್ಮನ ಮಾತ್ರೆ ಡಬ್ಬಿಯೂ ಮಗಳ ಕೈಗೆ ಸಿಗಬಾರದು. ಅವಳನ್ನು ಒಂಟಿಯಾಗಿ ಬಿಡಬೇಡಿ. ಅಪರಾತ್ರಿ ಯಾರನ್ನು ಕೇಳುವುದೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.